ಕಾಣದ ಕರ್ತೃ, ಕಾಣಿಸದ ಹೆಸರು

ನನ್ನ ಮೇಜಿನ ಒಳಗಂಡಿಯಲ್ಲಿ ನಾಲ್ಕು ಧ್ವನಿಸುರುಳಿಗಳಿವೆ. 1991ರ ಚಳಿಗಾಲದ ಒಂದು ರಾತ್ರಿ ಬೆಲ್ಲದ ಬಾಗೇವಾಡಿಯಲ್ಲಿ ನಡೆದ ಶ್ರೀಕೃಷ್ಣ ಪಾರಿಜಾತದ ಆಟವನ್ನು ಅವುಗಳಲ್ಲಿ ಹಿಡಿದಿಟ್ಟಿದ್ದೇನೆ. ಪ್ರತಿಯೊಂದರ ಮೇಲೂ ನನ್ನದೇ ಅಕ್ಷರದಲ್ಲಿ ಊರು, ದಿನಾಂಕ, ಸನ್ನಿವೇಶ, ಅವಧಿ ಎಲ್ಲವೂ ಅಚ್ಚುಕಟ್ಟಾಗಿ ನಮೂದಾಗಿವೆ. ಹಾಡಿದವರ ಹೆಸರು ಮಾತ್ರ ಇಲ್ಲ. ಅದು ಮರೆವಿನಿಂದ ಬಿಟ್ಟುಹೋದದ್ದಲ್ಲ, ಸಿದ್ಧಾಂತಪೂರ್ವಕವಾಗಿ ಬಿಟ್ಟದ್ದು. ಆ ಸಿದ್ಧಾಂತವನ್ನೂ ಅದನ್ನು ಗೇಲಿಮಾಡಿದ ಒಂದು ಚಿಕ್ಕ ಪುಸ್ತಕವನ್ನೂ ಕುರಿತು ಈ ಬರಹ. ಆ ಪುಸ್ತಕ ನನ್ನ ಕೈಗೆ ಐದು ವರ್ಷ ಮೊದಲೇ ಬಂದಿದ್ದರೆ ಈ ಪ್ರಬಂಧವನ್ನು ಬರೆಯುವ ಪ್ರಸಂಗವೇ ಒದಗುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆ ಮತ್ತು ತೊಂಬತ್ತರ ಆರಂಭದಲ್ಲಿ ಧಾರವಾಡದಲ್ಲಿ ಸಂಶೋಧನೆಗೆ ತೊಡಗಿದ್ದ ನಮ್ಮಂಥ ತರುಣರಿಗೆ ಫ್ರಾನ್ಸಿನಿಂದ ಇಂಗ್ಲಿಷಿನ ಮೂಲಕ ಬರುತ್ತಿದ್ದ ಹೊಸ ಚಿಂತನೆಗಳು ದೊಡ್ಡ ಆಕರ್ಷಣೆಯಾಗಿದ್ದವು. ಸಂರಚನಾವಾದ, ನಿರಚನೆ, ಅಂತರ್‌ಪಠ್ಯೀಯತೆ ಎಂಬ ಪದಗಳನ್ನು ನಾವು ಹೊಸ ಅಂಗಿಯಂತೆ ತೊಟ್ಟು ತಿರುಗುತ್ತಿದ್ದೆವು. ರೋಲಾಂ ಬಾರ್ತ್ 1967ರಲ್ಲಿ ಮೊದಲು ಇಂಗ್ಲಿಷಿನಲ್ಲಿಯೂ ಮರುವರ್ಷ ಫ್ರೆಂಚಿನಲ್ಲಿಯೂ ಪ್ರಕಟಿಸಿದ, ಲೇಖಕನ ಮರಣವನ್ನು ಸಾರುವ ಪ್ರಬಂಧವು ಕೆಲವೇ ಪುಟಗಳದು. ಅಷ್ಟು ಚಿಕ್ಕ ಬರಹವೊಂದು ಅಷ್ಟು ಜನರನ್ನು ಅಷ್ಟು ಧೈರ್ಯಸ್ಥರನ್ನಾಗಿ ಮಾಡಿದ ಉದಾಹರಣೆ ವಿಮರ್ಶೆಯ ಚರಿತ್ರೆಯಲ್ಲಿ ವಿರಳ. ಕೃತಿಯ ಹಿಂದೆ ಒಬ್ಬ ಕರ್ತೃವನ್ನು ಹುಡುಕುವುದು ಹಳೆಯ ಪಂಡಿತರ ಹವ್ಯಾಸ, ಪಠ್ಯವೆಂಬುದು ಅನೇಕ ಬರಹಗಳ ಹೆಣಿಗೆ, ಅದಕ್ಕೆ ಒಡೆಯನಿಲ್ಲ ಎಂದು ನಾವು ಚಹದಂಗಡಿಯಲ್ಲಿಯೂ ವಾದಿಸುತ್ತಿದ್ದೆವು. ಹಸ್ತಪ್ರತಿಗಳ ಪಾಠಾಂತರಗಳಲ್ಲಿ ಕಣ್ಣು ಸವೆಸಿದ್ದ ನಮ್ಮ ಗುರುಗಳು ನಕ್ಕು ಸುಮ್ಮನಾಗುತ್ತಿದ್ದರು. ಆ ನಗೆಯನ್ನು ನಾವು ಅಜ್ಞಾನವೆಂದು ತಿಳಿದೆವು.

ಇಂಥ ಮನಃಸ್ಥಿತಿಯಲ್ಲಿ ಬಾಗೇವಾಡಿಗೆ ಹೋದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಪಾರಿಜಾತದ ಮಾತೆತ್ತಿದರೆ ಇಬ್ಬರು ತಮ್ಮಣ್ಣರ ಹೆಸರು ಬರುತ್ತದೆ. ಮೂಲತಃ ಇದನ್ನು ರಚಿಸಿದವನು ಅಪರಾಳ ತಮ್ಮಣ್ಣನೆಂದೂ, ತಿದ್ದಿ ಬೆಳೆಸಿ ಆಟವಾಗಿ ಜನಪ್ರಿಯಗೊಳಿಸಿದವನು ಕುಲಗೋಡ ತಮ್ಮಣ್ಣನೆಂದೂ ವಿದ್ವಾಂಸರು ಹೇಳುತ್ತಾರೆ. ಮುಂದೆ ಕೌಜಲಗಿ ನಿಂಗಮ್ಮನಂಥ ಕಲಾವಿದೆ ಅದನ್ನು ಊರೂರಿಗೆ ಒಯ್ದಳು. ನಾರದನು ತಂದ ಪಾರಿಜಾತದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟದ್ದು, ಸತ್ಯಭಾಮೆ ಮುನಿದದ್ದು, ಕೊರವಂಜಿ ಬಂದು ಕಣಿ ಹೇಳಿದ್ದು: ಕತೆ ಇಷ್ಟೇ. ಆದರೆ ಬೆಳಗಿನವರೆಗೆ ನಡೆಯುವ ಆಟದಲ್ಲಿ ಕತೆಯ ಸುತ್ತ ಹೆಣೆದುಕೊಳ್ಳುವ ಮಾತು, ಚೇಷ್ಟೆ, ಪದಗಳಿಗೆ ಲೆಕ್ಕವಿಲ್ಲ. ಒಡೆಯನಿಲ್ಲದ ಪಠ್ಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಎಲ್ಲಿ ಸಿಕ್ಕೀತೆಂದು ನಾನು ಹಿಗ್ಗಿದ್ದೆ.

ಅಂದಿನ ಆಟದ ಭಾಗವತರಿಗೆ ಆಗಲೇ ಎಪ್ಪತ್ತರ ಸಮೀಪ. ಮರುದಿನ ಮಧ್ಯಾಹ್ನ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಧ್ವನಿಸುರುಳಿಯನ್ನು ಮತ್ತೆ ಕೇಳಿಸಿ ಪದಗಳನ್ನು ಬರೆದುಕೊಳ್ಳತೊಡಗಿದೆ. ಅವರು ನಡುನಡುವೆ ಕೈಯೆತ್ತಿ ನಿಲ್ಲಿಸುತ್ತಿದ್ದರು. "ಇದು ತಮ್ಮಣ್ಣಂದು. ಇದು ನಮ್ಮ ಗುರುಗೋಳು ಕೂಡಿಸಿದ್ದು. ಈ ನಾಕು ನುಡಿ ನಂದು. ಅಷ್ಟೇನ ಚಲೋ ಇಲ್ಲ, ಆದ್ರ ಮಂದಿ ನಗ್ತಾರ, ಅದಕ್ಕ ಇಟ್ಟೀನಿ." ಹೀಗೆ ಮೂರು ತಾಸು ನಡೆಯಿತು. ಯಾವ ಸಾಲು ಯಾರದು, ಯಾವ ಊರಿನ ಆಟದಲ್ಲಿ ಮೊದಲು ಬಂತು, ಯಾವ ಜತೆಗಾರನ ಬಾಯಿಂದ ತಪ್ಪಿ ಬಂದದ್ದು ಚೆನ್ನಾಗಿದೆಯೆಂದು ಉಳಿಯಿತು ಎಂಬ ಲೆಕ್ಕ ಅವರ ನಾಲಗೆಯ ಮೇಲಿತ್ತು. ನನ್ನ ಲೇಖನಿ ಪದಗಳನ್ನು ಬರೆದುಕೊಂಡಿತು, ಲೆಕ್ಕವನ್ನು ಬರೆದುಕೊಳ್ಳಲಿಲ್ಲ. ಮೂಲವನ್ನು ಹುಡುಕುವ ವ್ಯರ್ಥ ಶ್ರಮಕ್ಕೆ ಇಳಿಯಬಾರದೆಂದು ನನ್ನ ಸಿದ್ಧಾಂತ ನನಗೆ ಆಜ್ಞಾಪಿಸಿತ್ತು.

1993ರಲ್ಲಿ ಲೇಖನ ಅಚ್ಚಾಯಿತು. ಶೀರ್ಷಿಕೆಯಲ್ಲಿ ಎರಡು ಬಾರಿ 'ಪಠ್ಯ' ಎಂಬ ಪದವಿತ್ತು. ಬಾರ್ತ್, ಫೂಕೋ, ಡೆರಿಡಾ ಮೂವರ ಹೆಸರುಗಳೂ ಮೊದಲ ಪುಟದಲ್ಲಿಯೇ ಇದ್ದವು. ಪಾರಿಜಾತದ ಭಾಗವತನನ್ನು 'ಪಠ್ಯವು ತನ್ನನ್ನು ನುಡಿದುಕೊಳ್ಳುವ ತಾಣ' ಎಂದು ಬಣ್ಣಿಸಿದ್ದೆ. ಪ್ಯಾರಿಸಿನಲ್ಲಿ ಲೇಖಕ ಸತ್ತನೆಂದು ಬರೆದ ಮೂವರಿಗೆ ಹೆಸರುಗಳಿದ್ದವು. ಬಾಗೇವಾಡಿಯಲ್ಲಿ ಇಡೀ ರಾತ್ರಿ ಹಾಡಿದವರಿಗೆ ಇರಲಿಲ್ಲ. ಈ ವಿಪರ್ಯಾಸ ಆಗ ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನ ಪರಿಚಯದ ಯಾರ ಕಣ್ಣಿಗೂ ಬೀಳಲಿಲ್ಲ. ಲೇಖನವನ್ನು ಮೆಚ್ಚಿದವರು ಕೆಲವರಿದ್ದರು.

ಮೂರು ವರ್ಷಗಳ ಬಳಿಕ ಧಾರವಾಡದ ಹಳೆಯ ಪುಸ್ತಕಗಳ ರಾಶಿಯೊಂದರಲ್ಲಿ ತೆಳ್ಳನೆಯ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಹೆಸರು 'ಮೈ ಸ್ಟ್ರೇಂಜ್ ಕ್ವೆಸ್ಟ್ ಫಾರ್ ಮಾನ್ಸೋಂಜ್', ಬರೆದವನು ಮಾಲ್ಕಮ್ ಬ್ರಾಡ್‌ಬರಿ, ಪ್ರಕಟವಾದ ವರ್ಷ 1987. ಸಂರಚನಾವಾದದ ಮರೆಯಲ್ಲಿ ಉಳಿದ ನಾಯಕನೊಬ್ಬನ ಶೋಧವೆಂದು ಉಪಶೀರ್ಷಿಕೆ ಹೇಳುತ್ತಿತ್ತು. ಗಂಭೀರ ಗ್ರಂಥವೆಂದೇ ಭಾವಿಸಿ ಕೊಂಡೆ. ಆಂರಿ ಮಾನ್ಸೋಂಜ್ ಎಂಬ ಚಿಂತಕನ ಹೆಸರನ್ನು ನಾನು ಕೇಳಿರಲಿಲ್ಲವಾದ್ದರಿಂದ, ಇಷ್ಟು ದೊಡ್ಡವನನ್ನು ಇನ್ನೂ ಓದಿಲ್ಲವಲ್ಲ ಎಂಬ ಅಳುಕು ಕೂಡ ಹುಟ್ಟಿತು. ಫ್ರೆಂಚಿನಲ್ಲಿ ಆ ಪದಕ್ಕೆ 'ಸುಳ್ಳು' ಎಂದು ಅರ್ಥವಿರುವುದು ನಿಘಂಟು ತೆಗೆದಾಗ ತಿಳಿಯಿತು. ಅಷ್ಟರಲ್ಲಿ ಹತ್ತಿಪ್ಪತ್ತು ಪುಟಗಳನ್ನು ಅಡಿಗೆರೆ ಹಾಕುತ್ತ ಓದಿಬಿಟ್ಟಿದ್ದೆ.

ಬ್ರಾಡ್‌ಬರಿ 1932ರಲ್ಲಿ ಶೆಫೀಲ್ಡಿನಲ್ಲಿ ಹುಟ್ಟಿದವನು, 2000ದಲ್ಲಿ ತೀರಿಕೊಂಡವನು. ವಿಮರ್ಶಕ, ಕಾದಂಬರಿಕಾರ, ಅಧ್ಯಾಪಕ. ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ಆಂಗಸ್ ವಿಲ್ಸನ್ನನ ಜೊತೆಗೂಡಿ ಸೃಜನಶೀಲ ಬರವಣಿಗೆಯ ಸ್ನಾತಕೋತ್ತರ ವರ್ಗವನ್ನು ಆರಂಭಿಸಿದ. ಇಯನ್ ಮಕ್ಯೂಯನ್, ಕಜುವೊ ಇಶಿಗುರೊ ಅಲ್ಲಿಯ ವಿದ್ಯಾರ್ಥಿಗಳು. ತನ್ನ 'ದ ಹಿಸ್ಟರಿ ಮ್ಯಾನ್' ಎಂಬ 1975ರ ಕಾದಂಬರಿಯಲ್ಲಿ ತನ್ನನ್ನೇ ಹೋಲುವ ಸಂಕೋಚದ ಕಾದಂಬರಿಕಾರ ಅಧ್ಯಾಪಕನೊಬ್ಬನನ್ನು ಅರೆಕ್ಷಣ ಕಾಣಿಸಿ ಮರೆಮಾಡಿದವನು. ಆಧುನಿಕೋತ್ತರ ಕಥನದ ಯುಕ್ತಿಗಳನ್ನೆಲ್ಲ ಬಲ್ಲವನಾಗಿ ಅವುಗಳ ಒಳಗಿಂದಲೇ ಆ ಯುಗವನ್ನು ನೋಡಿ ನಕ್ಕವನು.

ಮಾನ್ಸೋಂಜ್ ಪುಸ್ತಕದ ಹೂರಣ ಸರಳ. ಬಾರ್ತ್ ಲೇಖಕನ ಮರಣವನ್ನು ಸಾರಿದ. ಆದರೆ ತನ್ನ ಪುಸ್ತಕಗಳಿಗೆ ಹೆಸರು ಹಾಕಿಕೊಂಡ, ಉಪನ್ಯಾಸಕ್ಕೆ ಹೋದ, ಸಂದರ್ಶನ ಕೊಟ್ಟ. ಹಾಗಾದರೆ ಆ ಸಿದ್ಧಾಂತಕ್ಕೆ ನಿಜವಾಗಿ ನಿಷ್ಠನಾದವನು ಹೇಗಿರಬೇಕು? ಅವನು ಇರಲೇಬಾರದು. ಮಾನ್ಸೋಂಜ್ ಅಂಥ ಏಕೈಕ ನಿಷ್ಠಾವಂತ. ಅವನು ಸಿಗುವುದಿಲ್ಲ, ಅವನ ಬರಹ ಸಿಗುವುದು ದುರ್ಲಭ, ಅವನನ್ನು ಕಂಡವರೆಂದರೆ ಕಾಣಲಿಲ್ಲವೆಂದು ಖಚಿತವಾಗಿ ಹೇಳಬಲ್ಲವರು ಮಾತ್ರ. ಅವನ ಗೈರುಹಾಜರಿಯೇ ಅವನ ಮಹಾಕೃತಿ. ಪುಸ್ತಕಕ್ಕೆ ಜೋಡಿಸಿದ ವಿದ್ವತ್ಪೂರ್ಣ ಮಾತುಗಳು ಮಿಶೆಲ್ ತಾರ್ದ್ಯೂ ಎಂಬ ಪ್ರಾಧ್ಯಾಪಕನವು. ಅನುವಾದ ಬ್ರಾಡ್‌ಬರಿಯ ಗೆಳೆಯ ಡೇವಿಡ್ ಲಾಜ್‌ನದು. ಈ ತಾರ್ದ್ಯೂ ಲಾಜ್ 1984ರಲ್ಲಿ ಬರೆದ 'ಸ್ಮಾಲ್ ವರ್ಲ್ಡ್' ಎಂಬ ಕಾದಂಬರಿಯ ಒಂದು ಪಾತ್ರ. ಇಲ್ಲದ ತತ್ತ್ವಜ್ಞನ ಬಗ್ಗೆ ಇಲ್ಲದ ಪ್ರಾಧ್ಯಾಪಕ ಬರೆದದ್ದನ್ನು ಇರುವ ಗೆಳೆಯ ಅನುವಾದಿಸಿದ್ದಾನೆ!

ಈ ಬಗೆಯ ವಿಡಂಬನೆ ಕನ್ನಡದ ಓದುಗನಿಗೆ ಅಪರಿಚಿತವಲ್ಲ. ಅಮಿತಗತಿಯು 11ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಧರ್ಮಪರೀಕ್ಷಾ'ವನ್ನು ಆಧರಿಸಿ ವೃತ್ತವಿಲಾಸನು 14ನೆಯ ಶತಮಾನದಲ್ಲಿ ರಚಿಸಿದ 'ಧರ್ಮಪರೀಕ್ಷೆ'ಯನ್ನು ನೆನೆಯಬಹುದು. ಮನೋವೇಗನು ಗೆಳೆಯ ಪವನವೇಗನೊಡನೆ ಪಾಟಲಿಪುತ್ರದ ಪಂಡಿತಸಭೆಗೆ ಹೋಗಿ ನಂಬಲಾಗದ ಕತೆಗಳನ್ನು ಹೇಳುತ್ತಾನೆ. ಸಭೆ ಒಪ್ಪದಿದ್ದಾಗ, ನಿಮ್ಮ ಕತೆಗಳಲ್ಲಿ ಇಂಥದೇ ಇದೆಯಲ್ಲ, ಅದನ್ನು ಹೇಗೆ ಒಪ್ಪಿದಿರಿ ಎಂದು ಕೇಳುತ್ತಾನೆ. ಎದುರಾಳಿಯ ನಿಯಮವನ್ನು ಮುರಿಯದೆ ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ನಡೆಸಿಬಿಡುವುದು ಅಲ್ಲಿಯ ಯುಕ್ತಿ. ಬ್ರಾಡ್‌ಬರಿಯ ಯುಕ್ತಿಯೂ ಅದೇ. ಆದರೆ ಒಂದು ಭೇದವನ್ನು ಒಪ್ಪಿಕೊಳ್ಳಬೇಕು. ನಮ್ಮ ಕವಿಯ ನಗೆ ಪರರ ಕಡೆಗೇ ಹರಿಯುತ್ತದೆ. ತನ್ನ ಮತದ ಕತೆಗಳನ್ನು ಅವನು ಅದೇ ಒರೆಗಲ್ಲಿಗೆ ತಿಕ್ಕುವುದಿಲ್ಲ. ಬ್ರಾಡ್‌ಬರಿ ತನ್ನ ವೃತ್ತಿಯನ್ನೂ ತನ್ನಂಥ ಅಧ್ಯಾಪಕರನ್ನೂ ನಗೆಯೊಳಗೆ ಸೇರಿಸಿಕೊಂಡಿದ್ದಾನೆ. ಹೊಸ ಹೆಸರು ಕಿವಿಗೆ ಬಿದ್ದೊಡನೆ ಓದದಿದ್ದರೂ ತಲೆದೂಗುವ ವಿದ್ವಾಂಸನೇ ಅವನ ನಿಜವಾದ ಗುರಿ. ಅಡಿಗೆರೆ ಹಾಕುತ್ತ ಕುಳಿತಿದ್ದ ನಾನು ಆ ಗುರಿಯ ನಟ್ಟನಡುವೆ ಇದ್ದೆ.

ಇದೇ ಬ್ರಾಡ್‌ಬರಿ ಕನ್ನಡ ಸಾಹಿತ್ಯ ಚರಿತ್ರೆಯ ಒಂದು ಪುಟದಲ್ಲಿಯೂ ಇದ್ದಾನೆ ಎಂಬುದು ನನಗೆ ಆಮೇಲೆ ಹೊಳೆಯಿತು. ಯು. ಆರ್. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮಿಗೆ ಹೋದಾಗ ಅಲ್ಲಿ ಅವರ ಗುರುವಾಗಿದ್ದವನು ಈತ. ಇಬ್ಬರೂ ಸೇರಿ ಇಂಗ್ಮಾರ್ ಬರ್ಗ್‌ಮನ್ನನ 'ದ ಸೆವೆಂತ್ ಸೀಲ್' ಚಲನಚಿತ್ರವನ್ನು ಉಪಶೀರ್ಷಿಕೆಗಳಿಲ್ಲದೆ ನೋಡಿದ್ದು, ಯುರೋಪಿನವನು ತನ್ನ ಮಧ್ಯಯುಗವನ್ನು ತಿಳಿವಳಿಕೆಯಿಂದ ಕಟ್ಟಿಕೊಳ್ಳಬೇಕು, ನಮಗಾದರೆ ಅದು ನಮ್ಮ ಜೊತೆಗೇ ಬದುಕುತ್ತಿದೆ ಎಂದು ಅನಂತಮೂರ್ತಿ ಹೇಳಿದ್ದು, ಹಾಗಾದರೆ ಅದನ್ನು ಬರೆಯಿರೆಂದು ಗುರು ಹುರಿದುಂಬಿಸಿದ್ದು, 1965ರಲ್ಲಿ 'ಸಂಸ್ಕಾರ' ಬಂದದ್ದು: ಇದನ್ನು ಅನಂತಮೂರ್ತಿಯವರೇ ಹಲವು ಕಡೆ ಹೇಳಿಕೊಂಡಿದ್ದಾರೆ. ನನಗೆ ಇಲ್ಲಿ ಮುಖ್ಯವಾದದ್ದು ಆ ಹೇಳಿಕೊಂಡ ರೀತಿ. ಒಬ್ಬ ಸ್ವೀಡಿಷ್ ನಿರ್ದೇಶಕನಿಗೆ ಸಂದದ್ದು ಇಷ್ಟು, ಒಬ್ಬ ಇಂಗ್ಲಿಷ್ ಅಧ್ಯಾಪಕನಿಗೆ ಸಂದದ್ದು ಇಷ್ಟು, ತೀರ್ಥಹಳ್ಳಿಯ ಸೀಮೆಯ ಬಾಲ್ಯಕ್ಕೆ ಸಂದದ್ದು ಇಷ್ಟು ಎಂದು ಅವರು ಕೃತಿಯ ಋಣದ ಲೆಕ್ಕ ಕೊಟ್ಟರು. ಬಾಗೇವಾಡಿಯ ಕಟ್ಟೆಯ ಮೇಲೆ ಭಾಗವತರು ಕೊಟ್ಟದ್ದು ಇದೇ ಲೆಕ್ಕ. ಅನಂತಮೂರ್ತಿಯವರು ಹೇಳಿದ್ದನ್ನು ನಾವು ಬರೆದುಕೊಂಡೆವು, ತರಗತಿಗಳಲ್ಲಿ ಪಾಠ ಮಾಡಿದೆವು. ಭಾಗವತರು ಹೇಳಿದ್ದನ್ನು ಬರೆದುಕೊಳ್ಳಲಿಲ್ಲ. ಕರ್ತೃ ಸತ್ತನೆಂಬ ನಿಯಮವನ್ನು ನಾವು ಯಾರ ಮೇಲೆ ಪ್ರಯೋಗಿಸಿದೆವು, ಯಾರನ್ನು ಬಿಟ್ಟೆವು ಎಂಬುದು ಇಲ್ಲಿ ಬಯಲಾಗುತ್ತದೆ.

ಮಾನ್ಸೋಂಜ್ ಪ್ರಕಟವಾದ 1987ರಲ್ಲಿಯೇ ಇನ್ನೊಂದು ಸಂಗತಿ ನಡೆಯಿತು. ನಿರಚನೆಯ ಅಮೆರಿಕದ ಪ್ರಮುಖ ಪ್ರತಿಪಾದಕನಾದ, 1983ರಲ್ಲಿ ತೀರಿಕೊಂಡಿದ್ದ ಪಾಲ್ ದ ಮಾನ್ ಯೌವನದಲ್ಲಿ, ನಾಜಿಗಳ ವಶದಲ್ಲಿದ್ದ ಬೆಲ್ಜಿಯಮ್ಮಿನ ಪತ್ರಿಕೆಗಳಿಗೆ ಲೇಖನಗಳನ್ನು ಬರೆದಿದ್ದನೆಂದೂ ಅವುಗಳಲ್ಲೊಂದು ಸ್ಪಷ್ಟವಾಗಿ ಯಹೂದ್ಯರ ವಿರುದ್ಧವಾಗಿತ್ತೆಂದೂ ಆರ್ಟ್‌ವಿನ್ ದ ಗ್ರಾಫ್ ಎಂಬ ಬೆಲ್ಜಿಯಮ್ಮಿನ ಸಂಶೋಧಕ ಹೊರಗೆಡಹಿದ. ಆ ಡಿಸೆಂಬರಿನಲ್ಲಿ ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಗಿಲ್ಬರ್ಟ್ ಅಡೇರ್ ಎಂಬ ಕಾದಂಬರಿಕಾರ ಇದನ್ನೇ ಬೀಜವಾಗಿಟ್ಟುಕೊಂಡು 1992ರಲ್ಲಿ, ಬಾರ್ತ್‌ನ ಪ್ರಬಂಧದ ಹೆಸರನ್ನೇ ಇಟ್ಟು, ಒಂದು ವಿಡಂಬನ ಕಾದಂಬರಿಯನ್ನು ಬರೆದ. ದ ಮಾನ್ ತನ್ನ ಪೂರ್ವಚರಿತ್ರೆಯನ್ನು ಮುಚ್ಚಲೆಂದೇ ಸಿದ್ಧಾಂತವನ್ನು ಕಟ್ಟಿದನೆಂದು ಹೇಳುವುದು ಅನ್ಯಾಯವಾದೀತು, ಅದಕ್ಕೆ ಪುರಾವೆಯಿಲ್ಲ. ಆದರೆ ಆ ಸುದ್ದಿಯ ಬಳಿಕ ಒಂದು ಮಾತು ಎಲ್ಲರಿಗೂ ಸ್ಪಷ್ಟವಾಯಿತು. ಬರೆದದ್ದಕ್ಕೆ ಬರೆದವನು ಉತ್ತರ ಕೊಡಬೇಕಾದ ಸಂದರ್ಭಗಳು ಇರುತ್ತವೆ. ಕರ್ತೃವೆಂಬ ಪದದಲ್ಲಿ ಒಡೆತನ ಮಾತ್ರವಲ್ಲ, ಹೊಣೆಯೂ ಇದೆ. ಬ್ರಾಡ್‌ಬರಿಯ ನಗೆಯಲ್ಲಿ ಹಗುರವಾಗಿ ಕಂಡದ್ದು ದ ಮಾನ್ ಪ್ರಸಂಗದಲ್ಲಿ ಭಾರವಾಗಿ ಕಂಡಿತು.

ಹಾಗೆಂದು ಬಾರ್ತ್‌ನನ್ನು ಪೂರ್ತಿ ಕೈಬಿಡುವುದು ಉಚಿತವಲ್ಲ. ಅವನು ಕೆಡವಲು ಹೊರಟದ್ದು ಅರ್ಥದ ಏಕೈಕ ಒಡೆಯನಾಗಿ ಮೆರೆಯುತ್ತಿದ್ದ ಲೇಖಕನನ್ನು. ಓದುಗನಿಗೆ ಜಾಗ ಮಾಡಿಕೊಡುವುದು ಅವನ ಉದ್ದೇಶ. ಕನ್ನಡದ ಪ್ರಾಚೀನ ಸಾಹಿತ್ಯವನ್ನು ಓದುವವರಿಗೆ ಅದರ ಸತ್ಯ ಬೇಗ ತಿಳಿಯುತ್ತದೆ. ನಮಗೆ ದೊರೆತಿರುವ ಮೊದಲ ಗ್ರಂಥದಲ್ಲಿಯೇ ಕರ್ತೃವಿನ ಸಮಸ್ಯೆಯಿದೆ: 'ಕವಿರಾಜಮಾರ್ಗ'ವನ್ನು 1898ರಲ್ಲಿ ಸಂಪಾದಿಸಿದ ಕೆ. ಬಿ. ಪಾಠಕರು ಅದನ್ನು ನೃಪತುಂಗನದೆಂದರು. ಗ್ರಂಥವೇ ನೃಪತುಂಗನ ಅನುಮತಿಯ ಮಾತನಾಡುವುದರಿಂದ ನಂತರದವರು ಶ್ರೀವಿಜಯನತ್ತ ಬೆರಳು ತೋರಿದರು. 'ವಡ್ಡಾರಾಧನೆ' ಶಿವಕೋಟ್ಯಾಚಾರ್ಯನದೆಂಬ ಹೇಳಿಕೆಯ ಎದುರು ಭ್ರಾಜಿಷ್ಣುವಿನ ಹೆಸರು ನಿಂತಿದೆ. ಈ ಅನಿಶ್ಚಯದಿಂದ ಆ ಕೃತಿಗಳ ರುಚಿ ಕೆಟ್ಟಿಲ್ಲ. ಕರ್ತೃ ಯಾರೆಂದು ತಿಳಿಯದೆಯೂ ಓದಬಹುದು. ಆದರೆ ತಿಳಿಯದಿರುವುದು ಬೇರೆ, ತಿಳಿಯಬಹುದಾದುದನ್ನು ಅಳಿಸುವುದು ಬೇರೆ. ಮೊದಲನೆಯದು ಕಾಲದ ಕೆಲಸ. ಎರಡನೆಯದು ನನ್ನದು.

ಕಾಲವು ಯಾರ ಹೆಸರನ್ನು ಅಳಿಸುತ್ತದೆ, ಯಾರದನ್ನು ಉಳಿಸುತ್ತದೆ ಎಂಬುದೂ ಯೋಚಿಸಬೇಕಾದ ಮಾತು. ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ, ಸ್ಮರಿಸಲೇಬೇಕು. ಬರೆದ ಪೊನ್ನನ ಹೆಸರಿದೆ, ಬರೆಯಿಸಿದ ಅತ್ತಿಮಬ್ಬೆಯ ಹೆಸರಿದೆ. ಆ ಸಾವಿರ ಪ್ರತಿಗಳನ್ನು ಗರಿಗರಿಯಾಗಿ ಕಂಠದಿಂದ ಕೊರೆದ ಲಿಪಿಕಾರರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ. ಕರ್ತೃ ಸತ್ತನೆಂದು ಸಾರುವ ಮೊದಲು ಯಾವ ಕರ್ತೃಗಳಿಗೆ ಹುಟ್ಟುವ ಅವಕಾಶವೇ ದೊರೆಯಲಿಲ್ಲವೆಂದು ಕೇಳುವುದು ನ್ಯಾಯ. ಪ್ಯಾರಿಸಿನಲ್ಲಿ ಲೇಖಕನೆಂಬವನು ಶತಮಾನಗಳಿಂದ ಸಿಂಹಾಸನದ ಮೇಲಿದ್ದ. ಅವನನ್ನು ಇಳಿಸುವುದರಲ್ಲಿ ಒಂದು ಬಂಡಾಯವಿತ್ತು. ಬಾಗೇವಾಡಿಯ ಭಾಗವತರು ಯಾವ ಸಿಂಹಾಸನವನ್ನೂ ಏರಿರಲಿಲ್ಲ. ಅದೇ ವಾಕ್ಯವನ್ನು ಅವರ ಮೇಲೆ ಹೇರಿದಾಗ ಅದು ಬಂಡಾಯವಾಗಿ ಉಳಿಯಲಿಲ್ಲ. ಹಳೆಯ ಪದ್ಧತಿಯ ಮುಂದುವರಿಕೆಯಾಯಿತು.

ಪುಸ್ತಕವನ್ನು ಓದಿ ಮುಗಿಸಿದ ವಾರವೇ ಬಾಗೇವಾಡಿಗೆ ಹೋದೆ. ಸುಗ್ಗಿಯ ಕಾಲ; ಊರ ಹೊರಗೆ ಗಾಣಗಳು ನಡೆದಿದ್ದವು, ಕಬ್ಬಿನ ಹಾಲು ಕಾಯುವ ಕಂಪು ದಾರಿಯುದ್ದಕ್ಕೂ ಇತ್ತು. ಭಾಗವತರು ಹಿಂದಿನ ಮಳೆಗಾಲದಲ್ಲಿಯೇ ತೀರಿಕೊಂಡಿದ್ದರು. ಅವರ ಮಗ ನನ್ನನ್ನು ಗುರುತಿಸಿ ಅದೇ ಕಟ್ಟೆಯ ಮೇಲೆ ಕೂಡಿಸಿದ. ಧ್ವನಿಸುರುಳಿಯ ಒಂದು ಭಾಗವನ್ನು ಕೇಳಿಸಿ, ಈ ನುಡಿ ತಮ್ಮಣ್ಣನದೋ ನಿಮ್ಮ ತಂದೆಯ ಗುರುವಿನದೋ ಎಂದು ಕೇಳಿದೆ. ಅವನು ಬಹಳ ಹೊತ್ತು ಆಲಿಸಿ ಹೇಳಿದ: "ಧ್ವನಿ ಅಪ್ಪಂದು ಅನ್ನೂದು ಗೊತ್ತಾಗ್ತೈತ್ರಿ. ಉಳಿದದ್ದು ಅವರಿಗೇ ಗೊತ್ತಿತ್ತು."

ನಾಲ್ಕೂ ಸುರುಳಿಗಳನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಮುದ್ರಿತ ಪಾಠಗಳೊಡನೆ ಹೋಲಿಸಿ ಕೆಲವು ಪದಗಳನ್ನು ಹಳೆಯವೆಂದು ಬೇರ್ಪಡಿಸಬಹುದು. ಉಳಿದುದರಲ್ಲಿ ಗುರು ಯಾರು, ಶಿಷ್ಯ ಯಾರು, ನಾಲಗೆ ತಪ್ಪಿದ ಜತೆಗಾರ ಯಾರು ಎಂಬುದು ಇನ್ನು ಎಂದಿಗೂ ತಿಳಿಯದು. ಒಡೆಯನಿಲ್ಲದ ಪಠ್ಯವೆಂದು ನಾನು ಬರೆದದ್ದು 1993ರಲ್ಲಿ ಸುಳ್ಳಾಗಿತ್ತು. ಈಗ ಅದು ನಿಜವಾಗಿದೆ, ನನ್ನಿಂದಲೇ ನಿಜವಾಗಿದೆ.

ಅಂದು ಹಿಂದಿರುಗುವಾಗ ಗಾಣದ ಬಳಿ ಸ್ವಲ್ಪ ಹೊತ್ತು ನಿಂತಿದ್ದೆ. ಕೊಪ್ಪರಿಗೆಯಲ್ಲಿ ಕುದಿಯುವ ಹಾಲಿಗೆ ಬೆಂಡಿಯ ಗಿಡವನ್ನು ಜಜ್ಜಿ ತೆಗೆದ ಲೋಳೆಯನ್ನು ಸುರಿಯುತ್ತಿದ್ದರು. ಅದು ಕಸವನ್ನೆಲ್ಲ ಹಿಡಿದು ಮೇಲೆ ತರುತ್ತದೆ. ಜಾಲರಿಯಿಂದ ಬಳಿದು ಚೆಲ್ಲಿದರೆ ಹಾಲು ತಿಳಿಯಾಗುತ್ತದೆ. ವಿಡಂಬನೆಯ ಕೆಲಸವೂ ಇಷ್ಟೇ ಎಂದು ಆಗ ಅನ್ನಿಸಿತು. ಲೋಳೆಯನ್ನೇ ಕುಡಿದು ತೃಪ್ತರಾಗುವವರಿಲ್ಲ. ಸಿದ್ಧಾಂತವನ್ನು ನಕ್ಕುಬಿಟ್ಟೆವೆಂದು ಸಮಾಧಾನಪಟ್ಟು ಓದನ್ನೇ ನಿಲ್ಲಿಸುವ ವಿದ್ವಾಂಸರನ್ನೂ ಅಮೇಲೆ ಕಂಡಿದ್ದೇನೆ. ಅವರಿಗೆ ಕಸ ಹೋಯಿತು, ಬೆಲ್ಲವೂ ಸಿಗಲಿಲ್ಲ. ವಿದ್ಯಾರ್ಥಿಗಳಿಗೆ ನಾನು ಇಂದಿಗೂ ಬಾರ್ತ್‌ನನ್ನು ಓದಲು ಹೇಳುತ್ತೇನೆ. ಅವನ ಜೊತೆಗೆ ಬ್ರಾಡ್‌ಬರಿಯನ್ನು ಓದಲು ಹೇಳುತ್ತೇನೆ. ಕ್ಷೇತ್ರಕಾರ್ಯಕ್ಕೆ ಹೊರಡುವವರಿಗೆ ಮಾತ್ರ ಇನ್ನೊಂದು ಮಾತು ಸೇರಿಸುತ್ತೇನೆ: ಟಿಪ್ಪಣಿ ಪುಸ್ತಕದ ಮೊದಲ ಸಾಲಿನಲ್ಲಿ ಹಾಡಿದವರ ಹೆಸರನ್ನು ಅವರಿಂದಲೇ ಕೇಳಿ ಬರೆಯಿರಿ, ಎಡಬದಿಯಲ್ಲಿ ಒಂದು ಅಂಕಣ ಬಿಟ್ಟು, ಯಾವುದು ಯಾರದೆಂದು ಅವರು ಹೇಳಿದ್ದನ್ನು, ನಿಮಗೆ ನಂಬಿಕೆಯಾಗದಿದ್ದರೂ, ಹಾಗೆಯೇ ಬರೆದುಕೊಳ್ಳಿರಿ. ಅದನ್ನು ಒಪ್ಪುವುದು ಬಿಡುವುದು ಆಮೇಲಿನ ವಿಚಾರ.

ಲೇಖನವನ್ನು ಪ್ರಕಟಿಸಿದ ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ಭಾಗವತರ ಹೆಸರು, ಅವರ ಗುರುವಿನ ಹೆಸರು, ಮೇಳದವರೆಲ್ಲರ ಹೆಸರುಗಳನ್ನು ಅವರ ಮಗನ ಬಾಯಿಂದ ಕೇಳಿ ಬರೆದಿದ್ದೆ. ನಾಲ್ಕು ಸಾಲುಗಳಲ್ಲಿ ಅದು ಅಚ್ಚಾಯಿತು. ನನ್ನ ಬಳಿ ಇರುವ ಪ್ರತಿಯಲ್ಲಿ ಶೀರ್ಷಿಕೆಯ ಕೆಳಗೆ, ನನ್ನ ಹೆಸರಿನ ಮೇಲೆ, ಅವರ ಹೆಸರನ್ನು ಮಸಿಯಲ್ಲಿ ಬರೆದಿದ್ದೇನೆ.

ಈ ಪ್ರಬಂಧದಲ್ಲಿಯೂ ಆ ಹೆಸರನ್ನು ಹಾಕಬೇಕೆಂದಿದ್ದೆ. ಮಗನಿಗೆ ದೂರವಾಣಿಯಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಅವನು ಕೇಳಿಕೊಂಡು, "ತಿದ್ದಿದ ಕಾಗದದಾಗ ಹೆಸರು ಬಂತಲ್ರಿ, ಅದು ಸಾಕು. ನಿಮ್ಮ ತಪ್ಪಿನ ಕತಿಯೊಳಗ ನಮ್ಮಪ್ಪನ ಹೆಸರು ಬ್ಯಾಡ್ರಿ" ಎಂದ. ಈ ಸಲ ಹೆಸರನ್ನು ಬಿಟ್ಟಿರುವುದು ಅವನ ಮಾತಿಗೆ ಕಟ್ಟುಬಿದ್ದು.